ಪ್ಯಾಂಟೊಪ್ರಜೋಲ್ ತಗೊಂಡ್ರೂ ರಾತ್ರಿ ಹುಳಿತೇಗು ಯಾಕೆ?

ಪ್ರಶ್ನೆ:
ಮೂರು ವಾರದಿಂದ ಹೊಟ್ಟೆಯ ಆಮ್ಲ ಕಮ್ಮಿ ಮಾಡೋ ಮಾತ್ರೆ ಪ್ಯಾಂಟೊಪ್ರಜೋಲ್ 40 (ಮಿಲಿಗ್ರಾಂ) ತಗೋತಿದೀನಿ. ಹಗಲು ಪರವಾಗಿಲ್ಲ, ರಾತ್ರಿ ಎರಡಕ್ಕೆ ಹುಳಿತೇಗು ಬಂದು ಎದ್ದು ಕೂರ್ತೀನಿ. ಇಡ್ಲಿ ತಿಂದು ಕಾಫಿ ಕುಡಿದಮೇಲೆ ಮಾತ್ರೆ ನುಂಗೋದು ರೂಢಿ. ಇದಕ್ಕಿಂತ ಜೋರಾದ್ದು ಇದೆಯಾ?

ಉತ್ತರ 1:
ಸರ್, ಮೆಡಿಕಲ್ ಶಾಪಲ್ಲಿ ದಿನಾ ಕೇಳೋ ಮಾತಿದು. ಮೊದಲು ಹೊತ್ತು ಬದಲಾಯಿಸಿ. ಈ ಮಾತ್ರೆ ಹೊಟ್ಟೆಯೊಳಗೆ ಆಮ್ಲ ಸುರಿಸೋ ಸಣ್ಣ ಪಂಪುಗಳಲ್ಲಿ ಕೆಲಸದಲ್ಲಿರೋವನ್ನ ಮಾತ್ರ ಹಿಡಿದು ನಿಲ್ಲಿಸತ್ತೆ, ಪಂಪು ಚುರುಕಾಗೋದು ಹೊಟ್ಟೆಗೆ ಆಹಾರ ಬಿದ್ದಾಗ. ಅದಕ್ಕೇ ತಿಂಡಿಗೆ ಅರ್ಧ ಗಂಟೆ ಮುಂಚೆ, ಖಾಲಿ ಹೊಟ್ಟೇಲಿ. ಪೂರ್ತಿ ಪರಿಣಾಮಕ್ಕೆ ಮೂರ್ನಾಲ್ಕು ದಿನ ಬೇಕು.
ಜೋರಿನಲ್ಲಿ ವ್ಯತ್ಯಾಸ ಖಂಡಿತ ಇದೆ. ಎದೆಯುರಿ ಇರೋರಲ್ಲಿ ಅಳೆದಾಗ, ಹೊಟ್ಟೆಯ ಪಿಎಚ್ (ಹುಳಿಯ ಅಳತೆ, ಮೇಲೇರಿದಷ್ಟೂ ಹುಳಿ ಕಮ್ಮಿ) 4ಕ್ಕಿಂತ ಮೇಲಿದ್ದದ್ದು ದಿನಕ್ಕೆ ಇದೇ ಜಾತಿಯ ಎಸೊಮೆಪ್ರಜೋಲ್ 40ರಲ್ಲಿ ಸುಮಾರು 14 ಗಂಟೆ, ಪ್ಯಾಂಟೊಪ್ರಜೋಲ್ 40ರಲ್ಲಿ ಸುಮಾರು 10. ಆದ್ರೆ ಡಾಕ್ಟರನ್ನ ಕೇಳದೆ ಬದಲಾಯಿಸಬೇಡಿ.

ಉತ್ತರ 2:
ನಂಗೆ ರಾತ್ರಿಗೆ ಆಮ್ಲ ಕಮ್ಮಿ ಮಾಡೋ ಬೇರೆ ಜಾತಿಯ ಮಾತ್ರೆ, ಫ್ಯಾಮೊಟಿಡಿನ್, ಬರೆದಿದ್ರು. ಮೊದಲ ವಾರ ಹಾಯಾಗಿ ನಿದ್ದೆ, ಆಮೇಲೆ ಮಂಕಾಯ್ತು. ದಿನಾ ತಗೊಂಡ್ರೆ ದೇಹ ಒಗ್ಗಿಬಿಡತ್ತಂತೆ.

ಉತ್ತರ 1:
ಹೌದು ಮೇಡಂ, ಅದು ನಿಜ. ಸರ್, ನುಂಗೋಕೆ ಕಷ್ಟ, ಕಪ್ಪು ಮಲ, ತೂಕ ಇಳಿಯೋದು ಇದ್ರೆ ತಡ ಮಾಡ್ದೆ ತೋರಿಸಿ.

ಪ್ರಶ್ನೆ ಕೇಳಿದವರು:
ಅದ್ಯಾವುದೂ ಇಲ್ಲ. ನಾಳೆಯಿಂದ ಹಾಲು ತರೋಕೆ ಹೊರಡೋ ಮುಂಚೆ ನುಂಗ್ತೀನಿ.