ಲಂಡನ್ ಸ್ಕಾಟಿಷ್: ಕಿಲ್ಟ್‌ಗೆ ಟಾರ್ಟನ್ ಯಾಕಿಲ್ಲ? ಮೆಸೀನ್‌ನಲ್ಲಿ ರೈಫಲ್ ಕೈಕೊಟ್ಟದ್ದೇಕೆ?

ಪ್ರಶ್ನೆ:
ಮೊದಲ ಮಹಾಯುದ್ಧದ ಫೋಟೊಗಳಲ್ಲಿ ಬ್ರಿಟಿಷ್ ಸೈನ್ಯದ ಲಂಡನ್ ಸ್ಕಾಟಿಷ್ ದಳದ ಸೈನಿಕರ ಕಿಲ್ಟ್ (ಸ್ಕಾಟರ ಲಂಗದಂಥ ಉಡುಪು) ಮೇಲೆ ಟಾರ್ಟನ್, ಅಂದರೆ ಕುಲದ ಗುರುತಿನ ಚೌಕುಳಿಯೇ ಕಾಣೋದಿಲ್ಲ. ಕಾರಣ ಏನು? ಬೆಲ್ಜಿಯಂನ ಮೆಸೀನ್ ಕದನದಲ್ಲಿ ಅವರ ರೈಫಲ್‌ಗಳು ಕೆಟ್ಟದ್ದು ಕೆಸರಿನಿಂದಲೋ, ಬಂದೂಕಿನ ದೋಷದಿಂದಲೋ?

ಉತ್ತರ 1:
ಫ್ರಾನ್ಸ್ ದಂಡೆತ್ತಿ ಬರಬಹುದೆಂಬ ಭಯದಲ್ಲಿ 1859ರಲ್ಲಿ ಲಂಡನ್ನಿನ ಸ್ಕಾಟರು ಕಟ್ಟಿದ ಸ್ವಯಂಸೇವಕ ದಳ ಇದು. ಹತ್ತಾರು ಕುಲದವರಿದ್ದರು, ಒಂದು ಕುಲದ ಟಾರ್ಟನ್ ಆರಿಸಿದರೆ ಉಳಿದವರಿಗೆ ಮುನಿಸು. ಮೊದಲ ಕಮಾಂಡರ್ ಲಾರ್ಡ್ ಎಲ್ಕೊ 'ಹಾಡನ್ ಗ್ರೇ' ಎಂಬ ಚೌಕುಳಿಯಿಲ್ಲದ ಒರಟು ಉಣ್ಣೆಬಟ್ಟೆ ಆರಿಸಿದ. ಜಿಂಕೆ ಬೇಟೆಗಾರನಂತೆ ಸೈನಿಕನೂ ಕಣ್ಣಿಗೆ ಬೀಳದ ಬಣ್ಣ ತೊಡಬೇಕು ಅನ್ನೋದು ಅವನ ವಾದ. ಸೈನ್ಯದಲ್ಲಿ ಹೆಚ್ಚಿನವರು ಕೆಂಪು ಕೋಟು ತೊಡುತ್ತಿದ್ದ ಕಾಲದಲ್ಲಿ ಇದು ನಿಜಕ್ಕೂ ದೂರದೃಷ್ಟಿ.

ಉತ್ತರ 2:
ಕೆಸರಲ್ಲ, ಮ್ಯಾಗಜಿನ್ (ರೈಫಲ್‌ನಲ್ಲಿ ಗುಂಡು ತುಂಬಿಡುವ ಪೆಟ್ಟಿಗೆ). ಅವರ ಕೈಲಿದ್ದದ್ದು ಹಳೆಯ ಮಾರ್ಕ್ 1 ಲೀ-ಎನ್‌ಫೀಲ್ಡ್. ಅದರ ಮ್ಯಾಗಜಿನ್ ಮಾಡಿದ್ದು ದುಂಡುಮೂತಿಯ ಮಾರ್ಕ್ 6 ಗುಂಡಿಗೆ, 215 ಗ್ರೇನ್ (ಸುಮಾರು 14 ಗ್ರಾಂ) ತೂಕದ್ದು. ಹೊಸ ಮಾರ್ಕ್ 7 ಗುಂಡು ಚೂಪುಮೂತಿಯದ್ದು, 174 ಗ್ರೇನ್ (ಸುಮಾರು 11 ಗ್ರಾಂ). ರೈಫಲ್‌ಗಳನ್ನು ಹೊಸ ಗುಂಡಿಗೆ ಮಾರ್ಪಡಿಸಿಯೇ ಕೊಟ್ಟಿದ್ದರು. ಆದರೂ ಬಹಳಷ್ಟರಲ್ಲಿ ಗುಂಡು ಮ್ಯಾಗಜಿನ್‌ನಿಂದ ನಳಿಗೆಯ ಬುಡದ ಚೇಂಬರ್‌ಗೆ ಏರದೆ ಸಿಕ್ಕಿಕೊಳ್ಳುತ್ತಿತ್ತು. ಹತ್ತು ಗುಂಡಿನ ರೈಫಲ್‌ಗೆ ಕತ್ತಲಲ್ಲಿ ಒಂದೊಂದೇ ಗುಂಡು ಕೈಯಿಂದ ತುಂಬಬೇಕಾಯಿತು. ಪಳಗಿದ ಸಿಪಾಯಿ ನಿಮಿಷಕ್ಕೆ 15 ಗುಂಡು ಹೊಡೆಯುತ್ತಿದ್ದ ಸೈನ್ಯದಲ್ಲಿ ಇದು ಎಂಥ ಕೊರತೆ ನೋಡಿ. 1914ರ ಅಕ್ಟೋಬರ್ 31ರ ಆ ರಾತ್ರಿ ಸಂಗೀನಿನಿಂದಲೇ ಜರ್ಮನ್ನರನ್ನು ಹಿಮ್ಮೆಟ್ಟಿಸಿದರು. ಇವರ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 394 ಮಂದಿ.

ಉತ್ತರ 3:
ಒಂದು ಮಾತು ಸೇರಿಸ್ತೀನಿ. ಲಂಡನ್ ಸ್ಕಾಟಿಷ್‌ನವರು ಟೆರಿಟೋರಿಯಲ್‌ಗಳು, ಅಂದರೆ ದೇಶರಕ್ಷಣೆಗೆಂದು ಸೇರಿದ ಅರೆಕಾಲಿಕ ಸೈನಿಕರು. ಅಂಥವರಿಗೆ ಹೊರದೇಶಕ್ಕೆ ಹೋಗುವ ಕಟ್ಟುಪಾಡೇ ಇರಲಿಲ್ಲ. ಇವರು ತಾವಾಗಿ ಒಪ್ಪಿ ಹೋದವರು. ಜರ್ಮನ್ನರ ಎದುರು ಕಾದಿದ ಮೊದಲ ಟೆರಿಟೋರಿಯಲ್ ಪದಾತಿ ದಳ ಇವರದೇ. ಆ ರೈಫಲ್ ಕೊಟ್ಟು ಕಳಿಸಿದ್ದು ಅಕ್ಷಮ್ಯ.

ದಾಖಲೆ ಹುಡುಕುವವರು ಗಮನಿಸಿ: ಮೊದಲ ಯುದ್ಧದ ಕಾಗದಗಳಲ್ಲಿ 'ಲಂಡನ್ ರೆಜಿಮೆಂಟ್, 14ನೇ ಬೆಟಾಲಿಯನ್' ಎಂದಿರುತ್ತೆ. 1917ರಲ್ಲಿ ಟೆರಿಟೋರಿಯಲ್ ಸೈನಿಕರ ನಂಬರ್ ಬದಲಾಯಿಸಿದಾಗ ಇವರಿಗೆ ಬಂದದ್ದು 510001ರಿಂದ 530000ರವರೆಗೆ. ಹೆಸರಿನಿಂದ ಸಿಗದಿದ್ದರೆ ನಂಬರ್ ನೋಡಿ. 1937ರಿಂದಾಚೆಯ ದಾಖಲೆಗಳನ್ನು ಗಾರ್ಡನ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ರೆಜಿಮೆಂಟ್‌ನ ಹೆಸರಿನ ಜೊತೆ ಹುಡುಕಿ. 2022ರಿಂದ ಇವರು ಲಂಡನ್ ಗಾರ್ಡ್ಸ್‌ನ ಜಿ ಕಂಪನಿ, ಸ್ಕಾಟ್ಸ್ ಗಾರ್ಡ್ಸ್. ಆ ಕಂಪನಿಯ ಹೆಸರಲ್ಲೂ 'ಮೆಸೀನ್' ಇದೆ.