ಸೀತಾಳೆ ಸಿಡುಬಿನ ವೈರಸ್ ಐವತ್ತು ವರ್ಷ ಮೈಯಲ್ಲಿ ಅಡಗಿರುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ನನ್ನ ತಾಯಿಗೆ ಈಗ 64 ವರ್ಷ. ಕಳೆದ ವಾರ ಅವರ ಬಲಪಕ್ಕೆಯಲ್ಲಿ ಸೀರೆ ಸೋಕಿದರೂ ತಾಳಲಾಗದಷ್ಟು ಉರಿ ಕಾಣಿಸಿಕೊಂಡಿತು. ಮೂರನೆಯ ದಿನ ಬೆನ್ನಿನಿಂದ ಹೊಟ್ಟೆಯವರೆಗೆ ಪಟ್ಟಿ ಎಳೆದಂತೆ ನೀರುಗುಳ್ಳೆಗಳು ಎದ್ದವು. ಇದು ಸರ್ಪಸುತ್ತು, ಚಿಕ್ಕಂದಿನಲ್ಲಿ ಬಂದಿದ್ದ ಸೀತಾಳೆ ಸಿಡುಬಿನ ವೈರಸ್ಸೇ ಮತ್ತೆ ಎಚ್ಚೆತ್ತಿದೆ ಎಂದು ವೈದ್ಯರು ಹೇಳಿದರು. ವೈರಸ್ ಉಸಿರಾಡುವುದಿಲ್ಲ, ಆಹಾರ ಸೇವಿಸುವುದಿಲ್ಲ ಎಂದು ಓದಿದ್ದೇನೆ. ಹಾಗಿರುವಾಗ ಅದು ಇಷ್ಟು ವರ್ಷ ಉಳಿದದ್ದು ಹೇಗೆ? ಗುಳ್ಳೆಗಳು ಒಂದೇ ಪಕ್ಕದಲ್ಲಿ ಏಳಲು ಕಾರಣವೇನು?

ಉತ್ತರ 1:
ಆಹಾರ ಬೇಡದಿರುವುದೇ ಅದು ಉಳಿಯಲು ಒಂದು ಕಾರಣ. 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ಅವರು ಹೊಗೆಸೊಪ್ಪಿನ ಗಿಡಕ್ಕೆ ರೋಗ ತರುವ ವೈರಸ್ಸನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಉಪ್ಪಿನ ಹರಳಿನಂತೆ ನಿಶ್ಚಲವಾಗಿದ್ದ ಆ ವಸ್ತುವನ್ನು ಕರಗಿಸಿ ಎಲೆಗೆ ಉಜ್ಜಿದಾಗ ಗಿಡಕ್ಕೆ ಮತ್ತೆ ರೋಗ ತಗುಲಿತು. ವೈರಸ್ ಎಂದರೆ ಮೂಲತಃ ಪ್ರೋಟೀನಿನ ಕವಚದೊಳಗಿಟ್ಟ ಒಂದು ತಳಿ ಬರಹ. ಅದನ್ನು ಓದಿ ಹೊಸ ಪ್ರತಿಗಳನ್ನು ತಯಾರಿಸುವ ಕೆಲಸವೆಲ್ಲ ಜೀವಕೋಶದ್ದು.

ಸೀತಾಳೆ ಸಿಡುಬಿನ ವೈರಸ್ ಉಸಿರಿನ ಮೂಲಕ ಮೈ ಸೇರಿ, ಚರ್ಮದಲ್ಲಿ ಗುಳ್ಳೆಗಳನ್ನು ಎಬ್ಬಿಸಿದ ಮೇಲೆ ಅಲ್ಲಿನ ನರಗಳ ತುದಿಯನ್ನು ಹೊಕ್ಕು, ನರದೆಳೆಯ ಗುಂಟ ಸಾಗಿ ಬೆನ್ನುಹುರಿಯ ಪಕ್ಕದ ನರಗಂಟುಗಳನ್ನು ತಲುಪುತ್ತದೆ. ಅಲ್ಲಿ ಅದರ ಕವಚ ಉಳಿಯುವುದಿಲ್ಲ; ನರಕೋಶದ ಕೇಂದ್ರದೊಳಗೆ ಅದರ ತಳಿ ಬರಹವಾದ ಡಿಎನ್ಎ ಮಾತ್ರ ಬಹುಮಟ್ಟಿಗೆ ಮೌನವಾಗಿ ಇರುತ್ತದೆ. ನರಕೋಶ ಚರ್ಮದ ಕೋಶದಂತೆ ಸತ್ತು ಉದುರುವಂಥದ್ದಲ್ಲ, ಮನುಷ್ಯನ ಆಯುಷ್ಯದುದ್ದಕ್ಕೂ ಬಾಳುವಂಥದ್ದು. ಆದ್ದರಿಂದ ವೈರಸ್ಸಿಗೆ ಅದಕ್ಕಿಂತ ಭದ್ರವಾದ ನೆಲೆ ಮತ್ತೊಂದಿಲ್ಲ. ಅದು ತಲೆಯೆತ್ತದಂತೆ ಕಾಯುವ, ರೋಗನಿರೋಧಕ ಬಿಳಿ ರಕ್ತಕಣಗಳಾದ ಟಿ ಕೋಶಗಳ ಬಲ ವಯಸ್ಸಾದಂತೆ ಕುಗ್ಗಿದಾಗ ಸರ್ಪಸುತ್ತು ಏಳುತ್ತದೆ.

ಉತ್ತರ 2:
ಮೇಲಿನ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ಒಂದೊಂದು ನರಗಂಟಿನಿಂದ ಹೊರಡುವ ನರವು ಮೈಯ ಒಂದೇ ಪಕ್ಕದ ಒಂದು ಪಟ್ಟಿಯಷ್ಟು ಚರ್ಮವನ್ನು ನೋಡಿಕೊಳ್ಳುತ್ತದೆ. ಸಾಮಾನ್ಯವಾಗಿ ವೈರಸ್ ಎಚ್ಚೆತ್ತುಕೊಳ್ಳುವುದು ಒಂದೇ ಗಂಟಿನಲ್ಲಿ. ಹೊಸ ಪ್ರತಿಗಳು ಬಂದ ದಾರಿಯಲ್ಲೇ ಚರ್ಮಕ್ಕೆ ಮರಳುತ್ತವೆ. ನಿಮ್ಮ ತಾಯಿಗೆ ಗುಳ್ಳೆಗಿಂತ ಮೊದಲೇ ಉರಿ ಬಂದದ್ದು ಇದಕ್ಕಾಗಿಯೇ, ಏಕೆಂದರೆ ಮೊದಲು ಬೇಯುವುದು ನರ. ಹದಿನಾರು ವರ್ಷ ತಮ್ಮ ರೋಗಿಗಳ ವಿವರಗಳನ್ನು ಬರೆದಿಟ್ಟುಕೊಂಡಿದ್ದ ಎಡ್ಗರ್ ಹೋಪ್-ಸಿಂಪ್ಸನ್ ಎಂಬ ಇಂಗ್ಲೆಂಡಿನ ವೈದ್ಯರು 1965ರಲ್ಲಿ ಈ ಅಡಗಿರುವಿಕೆಯ ವಾದವನ್ನು ಮಂಡಿಸಿದರು. ಊರಿನ ಸಾಮಾನ್ಯ ವೈದ್ಯರೊಬ್ಬರ ತಾಳ್ಮೆಯಿಂದ ಇಷ್ಟು ದೊಡ್ಡ ಹೊಳಹು ದೊರೆತದ್ದನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಅಮ್ಮನಿಗೆ ಎಸೈಕ್ಲೋವಿರ್ ಕೊಟ್ಟಿದ್ದಾರೆ. ಅದು ಅಡಗಿರುವ ವೈರಸ್ಸನ್ನೂ ತೆಗೆಯುತ್ತದೆಯೇ? ಮನೆಯಲ್ಲಿ ಎಂಟು ತಿಂಗಳ ಮಗುವಿದೆ, ಅದಕ್ಕೂ ಅಂಟುತ್ತದೆಯೇ?

ಉತ್ತರ 3:
ಅಡಗಿರುವುದನ್ನು ತೆಗೆಯುವುದಿಲ್ಲ. ವೈರಸ್ಸಿನದೇ ಒಂದು ಕಿಣ್ವ ತಾಗಿದಾಗ ಮಾತ್ರ ಎಸೈಕ್ಲೋವಿರ್ ಕಾರ್ಯಶೀಲವಾಗುತ್ತದೆ. ಆಗ ಅದು ಡಿಎನ್ಎಯ ಸಾಚಾ ತುಣುಕಿನ ವೇಷದಲ್ಲಿ ಸರಪಳಿಯೊಳಗೆ ಸೇರಿ, ಪ್ರತಿ ತೆಗೆಯುವ ಕೆಲಸವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಪ್ರತಿಯನ್ನೇ ತೆಗೆಯದೆ ಮಲಗಿರುವ ವೈರಸ್ಸಿನ ಮೇಲೆ ಅದರ ಆಟ ನಡೆಯದು. ಗುಳ್ಳೆ ಎದ್ದ 72 ಗಂಟೆಗಳೊಳಗೆ ಔಷಧ ಆರಂಭಿಸಬೇಕೆನ್ನುವುದೂ ವೈರಸ್ ಭರದಿಂದ ಪ್ರತಿ ತೆಗೆಯುತ್ತಿರುವ ಹೊತ್ತು ಅದು ಎಂಬ ಕಾರಣಕ್ಕೆ.

ಮಗುವಿಗೆ ಸರ್ಪಸುತ್ತು ಅಂಟುವುದಿಲ್ಲ. ಆದರೆ ಗುಳ್ಳೆಯ ನೀರಿನಲ್ಲಿ ವೈರಸ್ ಇರುವುದರಿಂದ ಸೀತಾಳೆ ಸಿಡುಬು ಬರಬಹುದು. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಆ ಜಾಗವನ್ನು ಬಟ್ಟೆಯಿಂದ ಮುಚ್ಚಿರಲಿ, ಅಮ್ಮ ಮಗುವನ್ನು ಎತ್ತಿಕೊಳ್ಳದಿರಲಿ, ಅವರ ಟವೆಲ್ ಬೇರೆಯಿರಲಿ. ಸೀತಾಳೆ ಸಿಡುಬು ಬಾರದ, ಅದರ ಲಸಿಕೆಯನ್ನೂ ಪಡೆಯದ ಗರ್ಭಿಣಿಯರು ಮನೆಯಲ್ಲಿದ್ದರೆ ಅವರೂ ದೂರವಿರಬೇಕು, ಮತ್ತು ಈಗಾಗಲೇ ಹತ್ತಿರ ಹೋಗಿದ್ದರೆ ಗುಳ್ಳೆ ಕಾಣುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು.