ಮನೋರೋಗಗಳ ಪೇಪರ್: ಎಲ್ಲಿ ಎಡವುತ್ತೀವಿ?

ಎರಡನೇ ಸೆಮ್: ಎಂ.ಎಸ್ಸಿ. ಸೈಕಾಲಜಿ. ಪರೀಕ್ಷೆಗೆ ಎಂಟು ವಾರ ಇದೆ. ಲಕ್ಷಣಗಳ ಪಟ್ಟಿ ಬಾಯಿಗೆ ಬರುತ್ತೆ, ಕೇಸ್ ಕೊಟ್ಟರೆ ಮಾತ್ರ ಡಯಾಗ್ನೋಸಿಸ್ ತಪ್ಪುತ್ತೆ. ಕಾರಣ, ಚಿಕಿತ್ಸೆ ಹೇಗೆ ಓದಬೇಕು? ಗೊತ್ತಿರೋರು ಹೇಳಿ.

ಕ್ಯಾಲೆಂಡರ್ ಪಾರ್ಟಿ: ಪಟ್ಟಿ ಪಕ್ಕಕ್ಕಿಡಿ, ಅವಧಿ ಹಿಡೀರಿ. ಸೈಕೋಸಿಸ್ (ಇಲ್ಲದ ಧ್ವನಿ ಕೇಳಿಸೋದು, ಬುಡವಿಲ್ಲದ ನಂಬಿಕೆ ಇಂಥವು) ಒಂದು ತಿಂಗಳೊಳಗೆ ಪೂರ್ತಿ ಇಳಿದರೆ ಬ್ರೀಫ್ ಸೈಕೋಟಿಕ್, ಒಂದರಿಂದ ಆರು ತಿಂಗಳಾದರೆ ಸ್ಕಿಜೋಫ್ರೆನಿಫಾರ್ಮ್, ಆರು ದಾಟಿದರೆ ಸ್ಕಿಜೋಫ್ರೀನಿಯಾ. ಆರು ತಿಂಗಳೂ ಧ್ವನಿ ಕೇಳಿಸುತ್ತಿರಬೇಕು ಅಂತ ಬರೆದು ಅಂಕ ಕಳಕೊಳ್ಳೋರೇ ಜಾಸ್ತಿ. ಜೋರಾದ ಲಕ್ಷಣ ಒಂದು ತಿಂಗಳಿದ್ದರೆ ಸಾಕು. ಉಳಿದ ತಿಂಗಳುಗಳಲ್ಲಿ ಮೂಲೆ ಹಿಡಿದು ಕೂರೋದು, ಮಾತು ಬತ್ತೋದು ಇವೂ ಲೆಕ್ಕಕ್ಕೆ ಬರುತ್ತೆ. ಮೇನಿಯಾಗೆ (ಉತ್ಸಾಹ ಹದ್ದುಮೀರಿ ಉಕ್ಕೋದು) ಏಳು ದಿನ, ಅದರ ಸೌಮ್ಯ ರೂಪ ಹೈಪೊಮೇನಿಯಾಗೆ ನಾಲ್ಕು. ಆದರೆ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ದಿನ ಎಣಿಸೋ ಹಾಗೇ ಇಲ್ಲ, ಅದು ಮೇನಿಯಾನೇ.

ಡಿಪ್ರೆಶನ್‌ನಲ್ಲಿ ಇನ್ನೊಂದು ಗುಂಡಿ. ಎರಡು ವಾರ, ಒಂಬತ್ತು ಲಕ್ಷಣಗಳಲ್ಲಿ ಐದು, ಇಷ್ಟು ಎಲ್ಲರಿಗೂ ಗೊತ್ತು. ನಿದ್ದೆ, ಹಸಿವು, ಸುಸ್ತು, ಏಕಾಗ್ರತೆ, ತಪ್ಪಿತಸ್ಥ ಭಾವ ಐದೂ ಕೆಟ್ಟಿದ್ದು, ಬೇಸರವೂ ಇಲ್ಲ, ಆಸಕ್ತಿಯೂ ಹೋಗಿಲ್ಲ ಅಂದರೆ ಡಿಪ್ರೆಶನ್ ಅನ್ನೋ ಹಾಗಿಲ್ಲ. ಆ ಎರಡರಲ್ಲಿ ಒಂದು ಇರಲೇಬೇಕು.

ಹನ್ನೊಂದರ ಕಡೆಯವ: ಯಾವ ಮ್ಯಾನುಯಲ್ ಅಂತ ಹೇಳದೆ ಆರು ತಿಂಗಳು ಅಂತ ಉಪದೇಶ ಮಾಡಬೇಡಿ ಸ್ವಾಮಿ. ಅದು ಅಮೆರಿಕದ ಮನೋವೈದ್ಯರ ಸಂಘದ ಮ್ಯಾನುಯಲ್ ಡಿಎಸ್‌ಎಂ ಲೆಕ್ಕ. 2022ರಿಂದ ಜಾರಿಯಲ್ಲಿರೋ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರಲ್ಲಿ ಸ್ಕಿಜೋಫ್ರೀನಿಯಾಗೆ ಒಂದು ತಿಂಗಳು ಸಾಕು. ಕಾಂಪ್ಲೆಕ್ಸ್ ಪಿಟಿಎಸ್‌ಡಿ (ಆಘಾತದ ನಂತರ ಬರೋ ಒತ್ತಡದ ರೋಗದ ಒಂದು ರೂಪ) ಐಸಿಡಿಯಲ್ಲಿ ಬೇರೆ ರೋಗ, ಡಿಎಸ್‌ಎಂನಲ್ಲಿ ಆ ಹೆಸರಿನ ಡಯಾಗ್ನೋಸಿಸ್ಸೇ ಇಲ್ಲ. ಎರಡನ್ನೂ ಕಲಸಿ ಬರೆದ ಉತ್ತರ ಎರಡರ ಪ್ರಕಾರವೂ ತಪ್ಪು.

ಕ್ಯಾಲೆಂಡರ್ ಪಾರ್ಟಿ: ಪ್ರಶ್ನೆಪತ್ರಿಕೆ ಯಾವ ಪುಸ್ತಕದ ಮೇಲೆ ಅಂತ ಅವರ ಸಿಲಬಸ್‌ನಲ್ಲೇ ಇರುತ್ತೆ. ಕೊಂಕು ಬೇಡ.

ಬಾಗಿಲ ಹಿಡಿ: ತಿಂಗಳು ಎಣಿಸಿದರೆ ರೋಗ ಅರ್ಥವಾಗಲ್ಲ. ಗೀಳು ರೋಗದ (ಓಸಿಡಿ) ಒಂದು ಕೇಸನ್ನು ಚಿಕಿತ್ಸೆಯ ಕಡೆಯಿಂದ ಓದಿ ನೋಡಿ, ಕಾರಣ ತಾನಾಗಿ ಬಿಚ್ಚಿಕೊಳ್ಳುತ್ತೆ. ಕೊಳೆಯ ಭಯ ಅಂದುಕೊಳ್ಳಿ. ಭಯಕ್ಕೆ 0ಯಿಂದ 100ರವರೆಗೆ ಅಂಕ ಹಾಕಿಸಿ ಮೆಟ್ಟಿಲು ಕಟ್ಟಬೇಕು: ತನ್ನ ಚಪ್ಪಲಿ ಮುಟ್ಟೋದು 35, ಬಾಗಿಲ ಹಿಡಿ 50, ಸಾರ್ವಜನಿಕ ಶೌಚಾಲಯದ ನಲ್ಲಿ 85. ನಡುವಿನದರಿಂದ ಶುರು. ಮುಟ್ಟಿಸಿ, ಕೈ ತೊಳೆಯೋಕೆ ಬಿಡಬಾರದು. ತೊಳೆದ ಕೂಡಲೇ ಸಿಗೋ ನಿರಾಳವೇ ಗೀಳನ್ನು ಸಾಕುತ್ತಿರೋದು, ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅಂದರೆ ಇದೇ. ತೊಳೆಯದೆ ಇದ್ದರೂ ಏನೂ ಆಗಲಿಲ್ಲ ಅನ್ನೋದನ್ನ ಅವರ ಮೈಯೇ ಕಲೀಬೇಕು.

ಕೆಡೋದು ಎಲ್ಲಿ ಗೊತ್ತಾ? ಕೈ ತೊಳೆಯಲ್ಲ, ಆದರೆ ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಳ್ತಾರೆ. ಇಲ್ಲಾ ಎರಡು ಬೆರಳಲ್ಲಿ ಮುಟ್ತಾರೆ. ಇಲ್ಲಾ ಮನೆಯವರನ್ನ "ಏನೂ ಆಗಲ್ಲ ಅಲ್ವಾ?" ಅಂತ ಕೇಳ್ತಾರೆ, ಅವರೂ ಪಾಪ ಅಂತ "ಇಲ್ಲ ಇಲ್ಲ" ಅಂತಾರೆ. ಅಲ್ಲಿಗೆ ಆ ದಿನದ ಕೆಲಸ ನೀರುಪಾಲು. ಮಾತ್ರೆ ಬರೆದು ಕೈತೊಳ್ಕೊಳ್ಳೋರಿಗೆ ಇದೆಲ್ಲ ಕಾಣಲ್ಲ ಬಿಡಿ.

ಹನ್ನೆರಡು ಗಂಟೆ: ಕೊನೇ ಸಾಲು ಅನಗತ್ಯವಾಗಿತ್ತು. ಮಾತ್ರೆ ಅಂದರೆ ಬರೆದು ಬಿಡೋದು ಅಂದುಕೊಂಡಿದ್ದೀರಾ? ಬೈಪೋಲಾರ್‌ಗೆ (ಮೇನಿಯಾ, ಡಿಪ್ರೆಶನ್ ಎರಡೂ ಬಂದುಹೋಗೋ ರೋಗ) ಕೊಡೋ ಲಿಥಿಯಮ್ಮನ್ನೇ ಉದಾಹರಣೆಗೆ ನೋಡಿ. ಕೊನೇ ಡೋಸ್ ಆಗಿ 12 ಗಂಟೆಗೆ ರಕ್ತ ತೆಗೀಬೇಕು. ಬೆಳಿಗ್ಗೆ ಮಾತ್ರೆ ನುಂಗಿ ಬಂದವರ ರಕ್ತ ತೆಗೆದರೆ ಸಂಖ್ಯೆ ಸುಳ್ಳು ಹೇಳುತ್ತೆ. ಸಾಮಾನ್ಯವಾಗಿ ಲೀಟರ್‌ಗೆ 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷದ ಲಕ್ಷಣ. ವಾಂತಿಭೇದಿಯಾದರೆ, ಉಪ್ಪು ದಿಢೀರನೆ ಬಿಟ್ಟರೆ, ಐಬುಪ್ರೊಫೆನ್ ನುಂಗಿದರೆ ಡೋಸ್ ಬದಲಾಗದೆಯೂ ಮಟ್ಟ ಏರುತ್ತೆ, ಯಾಕಂದರೆ ಮೂತ್ರಪಿಂಡ ಸೋಡಿಯಂ ಉಳಿಸೋಕೆ ಹೋಗಿ ಲಿಥಿಯಮ್ಮನ್ನೂ ಉಳಿಸಿಕೊಳ್ಳುತ್ತೆ. ಬೆರಳಿನ ಸಣ್ಣ ನಡುಕ ಮಾಮೂಲು. ನಡುಕ ದಪ್ಪವಾಗಿ, ನಾಲಿಗೆ ತೊದಲಿ, ನಡಿಗೆ ಓಲಾಡಿದರೆ ತಕ್ಷಣ ಆಸ್ಪತ್ರೆ. ಜೊತೆಗೆ ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆ ನಿಲ್ಲಿಸೋ ಹಾಗಿಲ್ಲ. ಇದನ್ನ ಬಾಗಿಲ ಹಿಡಿ ಮುಟ್ಟಿಸಿ ಮಾಡೋಕಾಗುತ್ತಾ?

ಬಾಗಿಲ ಹಿಡಿ: ಬೈಪೋಲಾರ್‌ಗೆ ಲಿಥಿಯಂ ಬೇಡ ಅಂದವರು ಯಾರು? ಮಾತಾಡಿದ್ದು ಗೀಳಿನ ಬಗ್ಗೆ. ಅಲ್ಲೂ ಎಸ್‌ಎಸ್‌ಆರ್‌ಐ (ಮೆದುಳಿನ ಸೆರೊಟೋನಿನ್ ರಾಸಾಯನಿಕದ ಮರುಹೀರಿಕೆ ತಡೆಯೋ ಮಾತ್ರೆ) ಡಿಪ್ರೆಶನ್‌ಗಿಂತ ಹೆಚ್ಚಿನ ಡೋಸ್‌ನಲ್ಲಿ, 8ರಿಂದ 12 ವಾರ ಕಾದು ನೋಡಬೇಕು. ನಾಲ್ಕೇ ವಾರಕ್ಕೆ "ಕೆಲಸ ಮಾಡಲಿಲ್ಲ" ಅಂತ ಬದಲಾಯಿಸೋದು ನಿಮ್ಮ ಕಡೆಯವರೇ.

ಅರ್ಧ ಅಂಕ: ಇಬ್ಬರೂ ಕಾರಣದ ಪ್ರಶ್ನೆ ಹಾರಿಸಿಬಿಟ್ಟಿರಿ. "ಸೆರೊಟೋನಿನ್ ಕಡಿಮೆ, ಅದಕ್ಕೇ ಖಿನ್ನತೆ" ಅಂತ ದಯವಿಟ್ಟು ಬರೀಬೇಡಿ. ಮಾತ್ರೆ ಸೆರೊಟೋನಿನ್ ಮರುಹೀರಿಕೆಯನ್ನ ಕೆಲವೇ ಗಂಟೆಗಳಲ್ಲಿ ತಡೆಯುತ್ತೆ, ಮನಸ್ಸು ಏಳೋಕೆ ವಾರಗಟ್ಟಲೆ ಬೇಕು. ಬರೀ ಕೊರತೆಯಾಗಿದ್ದರೆ ಸಂಜೆಯೊಳಗೆ ಸರಿಹೋಗಬೇಕಿತ್ತಲ್ಲ. ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್ ಜೀನ್‌ನ ಒಂದು ರೂಪ ಇದ್ದವರಿಗೆ ಒತ್ತಡ ಬಂದರೆ ಖಿನ್ನತೆ ಹೆಚ್ಚು ಅಂದ 2003ರ ಅಧ್ಯಯನವನ್ನ ಇನ್ನೂ ವೇದವಾಕ್ಯದ ಹಾಗೆ ಬರೀತಾರೆ. 2019ರಲ್ಲಿ ಬಹಳ ದೊಡ್ಡ ಸ್ಯಾಂಪಲ್‌ನಲ್ಲಿ ನೋಡಿದಾಗ ಅದು ನಿಲ್ಲಲಿಲ್ಲ.

ಎರಡನೇ ಸೆಮ್: ಎಲ್ಲಾ ಸರಿ, ನನ್ನ ಕೇಸ್ ಪ್ರಶ್ನೆ?

ಕ್ಯಾಲೆಂಡರ್ ಪಾರ್ಟಿ: ಮೊದಲು ಮದ್ಯ, ಮಾದಕ, ಥೈರಾಯ್ಡ್ ತರದ ದೇಹದ ಕಾರಣ ತೆಗೆದುಹಾಕಿ. ಆಮೇಲೆ ಹಿಂದೆ ಯಾವಾಗಲಾದರೂ ನಾಲ್ಕು ದಿನ ನಿದ್ದೆಯೇ ಬೇಡವಾಗಿ ಉತ್ಸಾಹ ಉಕ್ಕಿತ್ತಾ ಅಂತ ಹುಡುಕಿ. ಸಾಮಾನ್ಯವಾಗಿ ಅದನ್ನ ಕೇಸಿನಲ್ಲಿ ಒಂದೇ ಸಾಲಲ್ಲಿ ಅಡಗಿಸಿರ್ತಾರೆ. ಅದು ತಪ್ಪಿದರೆ ಬೈಪೋಲಾರ್ ಹೋಗಿ ಡಿಪ್ರೆಶನ್ ಆಗುತ್ತೆ, ಬರೀ ಆಂಟಿಡಿಪ್ರೆಸೆಂಟ್ ಬರೆದು ಚಿಕಿತ್ಸೆಯೂ ತಪ್ಪುತ್ತೆ. ಅವಧಿ ಆಮೇಲೆ.

ಪದಕೋಶ: ಸ್ಕಿಜೋಫ್ರೀನಿಯಾಗೆ ದಯವಿಟ್ಟು "ಛಿದ್ರಮನಸ್ಕತೆ" ಅಂತ ಬರೀಬೇಡಿ. ಒಬ್ಬನೊಳಗೆ ಇಬ್ಬರು ಅಂತ ತಿಳ್ಕೊಳ್ತಾರೆ.

ಹನ್ನೊಂದರ ಕಡೆಯವ: "ಇಚ್ಚಿತ್ತ ವಿಕಲತೆ" ಅಂದರೆ ಮಾತ್ರ ಸರಿಯೇನೋ? ಅದರಲ್ಲೂ ಎರಡು ಚಿತ್ತ ಇದೆ.

ಪದಕೋಶ: ಸ್ವಿಸ್ ಮನೋವೈದ್ಯ ಬ್ಲಾಯ್ಲರ್ 1908ರಲ್ಲಿ ಹೆಸರಿಟ್ಟಾಗ ಸೀಳು ಅಂದದ್ದು ಯೋಚನೆ, ಭಾವನೆಗಳ ನಡುವಿನದ್ದು. ಎರಡು ಚಿತ್ತ ಅಲ್ಲ. ಅದಕ್ಕೇ ಎರಡೂ ಬೇಡ, ಸ್ಕಿಜೋಫ್ರೀನಿಯಾ ಅಂತಲೇ ಬರೀರಿ.

ಅರ್ಧ ಅಂಕ: ಆ ಗ್ರೀಕ್ ಪದದಲ್ಲೂ ಸೀಳೇ ಇರೋದು ಮಾರಾಯ್ರೇ.